ಗಂಗೋತ್ರಿ ಹತ್ರದ ಥೀಸಿಸ್ ಅಂಗಡಿ: ಟೈಪಿಂಗ್, ಪ್ರಿಂಟ್, ಬೈಂಡಿಂಗ್ ಹೆಂಗಿದೆ ಅಂತ ಕೇಳಿದವ್ರಿಗೆಲ್ಲ

ಮೈಸೂರಲ್ಲಿ ಪಿಎಚ್‌ಡಿ ಥೀಸಿಸ್ ಟೈಪಿಂಗ್‌ಗೆ, ಬೈಂಡಿಂಗ್‌ಗೆ ಎಲ್ಲಿ ಕೊಡ್ಬೇಕು ಅಂತ ಜೂನಿಯರ್‌ಗಳು ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ವಾಯ್ಸ್ ನೋಟ್ ಕಳ್ಸೋ ಬದ್ಲು ಒಂದೇ ಸಲ ಉದ್ದಕ್ಕೆ ಬರ್ದು ಹಾಕ್ತಿದೀನಿ. ಅಂಗಡಿ ಇರೋದು ಸರಸ್ವತಿಪುರಂ ಕಡೆ, ಗಂಗೋತ್ರಿಯಿಂದ, ಅಂದ್ರೆ ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸಿಂದ, ನಡ್ಕೊಂಡೇ ಹೋಗ್ಬೋದು. ಹೆಸರು ಹಾಕ್ಬೇಡಿ ಅಂತ ಅಂಗಡಿ ಅಣ್ಣನೇ ಹೇಳಿದ್ರು, ಈಗ್ಲೇ ಕೈತುಂಬ ಕೆಲ್ಸ ಇದೆ, ಬಂದವ್ರನ್ನ ವಾಪಸ್ ಕಳ್ಸೋಕೆ ಮನಸ್ಸು ಬರಲ್ಲ ಅಂತ. ಕ್ಯಾಂಪಸ್ಸಲ್ಲಿ ಯಾವ ಸ್ಕಾಲರ್‌ನ ಕೇಳಿದ್ರೂ ದಾರಿ ತೋರಿಸ್ತಾರೆ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಕೊಡೋದು ಯಾಕೆ ಅಂದ್ರೆ ಇಲ್ಲಿ ಮೊದ್ಲು ನಿಮ್ ಸಬ್ಜೆಕ್ಟ್ ಯಾವ್ದು ಅಂತ ಕೇಳ್ತಾರೆ, ಆಮೇಲೆ ಫೈಲ್ ಓಪನ್ ಮಾಡ್ತಾರೆ. ಬೇರೆ ಎಷ್ಟೋ ಕಡೆ ಕೆಮಿಸ್ಟ್ರಿಗೂ ಜಾನಪದಕ್ಕೂ ಒಂದೇ ಟೆಂಪ್ಲೇಟು, ಒಂದೇ ಫಾಂಟ್ ಸೈಜು, ಒಂದೇ ತರ ಟೇಬಲ್ಲು, ಪೆನ್‌ಡ್ರೈವ್ ಹಾಕಿದ ಕೂಡ್ಲೇ ಎಲ್ಲಾ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಒತ್ಬಿಡ್ತಾರೆ, ನೋಡೋಕೆ ನೀಟಾಗೇ ಇರುತ್ತೆ, ಒಳಗಿನ ಅರ್ಥ ಎಲ್ಲಿ ಹೋಯ್ತು ಅನ್ನೋದು ವೈವಾ ಅಂದ್ರೆ ಮೌಖಿಕ ಪರೀಕ್ಷೆ ದಿನ ಹೊರಗಿಂದ ಬಂದ ಎಕ್ಸಾಮಿನರ್ ಕೇಳಿದಾಗಲೇ ಗೊತ್ತಾಗೋದು.

ಇಲ್ಲಿ ಬೆಂಚ್ ಮೇಲೆ ಒಂದು ಸಂಜೆ ಕೂತ್ರೆ ಈ ಊರಲ್ಲಿ ಎಷ್ಟು ತರದ ರಿಸರ್ಚ್ ನಡೀತಿದೆ ಅಂತ ಕಣ್ಣಾರೆ ಕಾಣುತ್ತೆ. ಯೂನಿವರ್ಸಿಟಿ 1916ರದ್ದು, ಗಂಗೋತ್ರಿ ಕ್ಯಾಂಪಸ್ 1960ರದ್ದು. ಅದ್ರೊಳಗೇ ಒಂದ್ಕಡೆ ಜುವಾಲಜಿಯವರು ಡ್ರೊಸಾಫಿಲಾ ಅಂದ್ರೆ ಬಾಳೆಹಣ್ಣಿನ ಮೇಲೆ ಮುತ್ತೋ ಆ ಪುಟ್ಟ ನೊಣದ ತಳಿಗಳನ್ನ ಬಾಟ್ಲಿಗಳಲ್ಲಿ ಸಾಕ್ಕೊಂಡು ಬಂದಿದಾರೆ, ಇನ್ನೊಂದ್ಕಡೆ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಹಳಗನ್ನಡ, ಜಾನಪದ, ಭಾಷಾವಿಜ್ಞಾನ. ಕ್ಯಾಂಪಸ್ಸಿಂದ ಈಚೆ ಬಂದ್ರೆ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ, 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನ ಗುರುತು ಹಿಡಿದು 1909ರಲ್ಲಿ ಅಚ್ಚು ಹಾಕಿಸಿದ್ದು ಆ ಸಂಗ್ರಹದಿಂದಾನೇ. ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಮೇಲೆ ಕೆಲ್ಸ ಮಾಡ್ತಿದೆ, ಭಾರತೀಯ ಭಾಷಾ ಸಂಸ್ಥಾನ 1969ರಿಂದ ಭಾಷೆಗಳ ಮೇಲೆ, ಗಂಗೋತ್ರಿಯಲ್ಲೇ ಮಾತು, ಕಿವಿ ತೊಂದ್ರೆಗಳನ್ನ ನೋಡೋ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಬೇರೆ. ಈ ಎಲ್ಲಾ ಕಡೆ ಸ್ಕಾಲರ್‌ಗಳೂ ಕೊನೆಗೆ ಇಂಥ ಅಂಗಡಿಗಳಿಗೇ ಬರ್ಬೇಕು. ಒಬ್ರಿಗೆ ಸಾಕ್ಷಿ ಅಂದ್ರೆ ಗ್ರಾಫಲ್ಲಿ ಎದ್ದಿರೋ ಪೀಕ್, ಇನ್ನೊಬ್ರಿಗೆ ಕಲ್ಲಿನ ಮೇಲೆ ಸವೆದಿರೋ ಅಕ್ಷರ, ನನ್ನಂಥವ್ರಿಗೆ ಅಜ್ಜಿ ಹಾಡಿದ ಸಾಲು. ಟೈಪ್ ಮಾಡೋರು ಯಾವ್ದನ್ನ ಮುಟ್ಬೋದು ಯಾವ್ದನ್ನ ಮುಟ್ಬಾರ್ದು ಅನ್ನೋದು ಸಬ್ಜೆಕ್ಟಿಂದ ಸಬ್ಜೆಕ್ಟಿಗೆ ಪೂರ್ತಿ ಬೇರೆ, ಆ ವಿವೇಕ ಈ ಅಂಗಡೀಲಿ ಇದೆ.

ನನ್ ಕೇಸೇ ಹೇಳ್ತೀನಿ. ನಂದು ಜಾನಪದ, ಚಾಮರಾಜನಗರ ಕಡೆ ಹೆಣ್ಮಕ್ಕಳು ಹಾಡೋ ಪದಗಳು. ಆ ಕಡೆ ಮಾತಲ್ಲಿ ಹಕಾರ ಬಿದ್ದೋಗುತ್ತೆ ಅಲ್ವಾ, ಹಾಲು ಅನ್ನೋದು ಆಲು, ಹೂವು ಅನ್ನೋದು ಊವು, ಹೋದ ಅನ್ನೋದು ಓದ. ಹಾಡಿದ್ದು ಹಂಗೇ ಬರ್ಕೊಂಡಿದ್ದೆ, ರೆಕಾರ್ಡಿಂಗ್ ಇಟ್ಕೊಂಡು ಒಂದೊಂದು ಸಾಲೂ ಹೋಲ್ಸಿ. ಮೊದ್ಲು ಬೇರೆ ಊರಲ್ಲಿ ಒಂದು ಅಂಗಡಿಗೆ ಕೊಟ್ಟಿದ್ದೆ, ಅಲ್ಲಿ ಟೈಪ್ ಮಾಡಿದವ್ರು ಒಳ್ಳೇ ಮನಸ್ಸಿಂದಾನೇ ಎಲ್ಲಾ ಆಲುಗಳನ್ನೂ ಹಾಲು ಮಾಡಿ, ಊವನ್ನೆಲ್ಲ ಹೂವು ಮಾಡಿ, ಬತ್ತವ್ನೆ ಅನ್ನೋದನ್ನ ಬರುತ್ತಿದ್ದಾನೆ ಅಂತ ಮಾಡಿ ಕೊಟ್ರು. ಸಾಲು ಹಾಡೋಕೇ ಬರಲ್ಲ, ಲಯ ಮುರ್ದೋಯ್ತು. ಅದಕ್ಕಿಂತ ದೊಡ್ಡ ವಿಷ್ಯ ಅಂದ್ರೆ ಹಕಾರ ಎಲ್ಲೆಲ್ಲಿ ಬಿದ್ದೋಗುತ್ತೆ, ಯಾವ ವಯಸ್ಸಿನವ್ರಲ್ಲಿ ಉಳ್ಕೊಂಡಿದೆ ಅನ್ನೋದರ ಮೇಲೇ ನಂದು ಒಂದು ಅಧ್ಯಾಯ ಇತ್ತು, ಉದಾಹರಣೆಗಳನ್ನ ನೋಡಿದ್ರೆ ಎಲ್ಲದ್ರಲ್ಲೂ ಹಕಾರ ಕೂತಿದೆ. ಮೂರು ವರ್ಷದ ಫೀಲ್ಡ್‌ವರ್ಕ್ ಕಾಗದದ ಮೇಲೆ ಇಲ್ದಂಗೆ ಆಗಿತ್ತು.

ಈ ಅಂಗಡೀಲಿ ಕನ್ನಡ ಟೈಪಿಂಗ್ ನೋಡ್ಕೊಳ್ಳೋದು ಒಬ್ರು ಅಕ್ಕ. ಮೊದಲ್ನೇ ಪುಟ ಓದಿ, ಪೆನ್ಸಿಲ್ ತಗೊಂಡು ಆಲು ಅನ್ನೋದರ ಸುತ್ತ ಸಣ್ಣ ಸೊನ್ನೆ ಸುತ್ತಿ ಕೇಳಿದ್ರು: "ಮೇಡಂ, ಇದು ಹಾಡಿದವ್ರೇ ಹಿಂಗಂದಿದ್ದಾ, ಇಲ್ಲ ನೀವ್ ಬರೆಯೋವಾಗ ಬಿಟ್ಟೋಗಿದ್ದಾ?" ಹಾಡಿದವ್ರೇ ಅಂದಿದ್ದು ಅಕ್ಕ ಅಂದೆ. "ಹಂಗಾದ್ರೆ ಹಾಡಿನ ಸಾಲು ಒಂದೂ ಮುಟ್ಟಲ್ಲ, ನಿಮ್ ವಿವರಣೆ ಭಾಗದಲ್ಲಿ ಮಾತ್ರ ಕಾಗುಣಿತ ನೋಡ್ತೀನಿ, ಅನುಮಾನ ಬಂದಿದ್ದಕ್ಕೆಲ್ಲ ಸೊನ್ನೆ ಸುತ್ತಿರ್ತೀನಿ, ಸಂಜೆ ಬಂದು ಒಟ್ಟಿಗೆ ಹೇಳಿ" ಅಂದ್ರು. ಹಾಡಿಗೆ ಬೇರೆ ಸ್ಟೈಲ್ ಮಾಡಿ ಅದ್ರಲ್ಲಿ ಸ್ಪೆಲ್‌ಚೆಕ್ ಆಫ್ ಮಾಡಿಟ್ರು, ಸಾಲುಗಳಿಗೆ ನಂಬರ್ ಹಾಕಿದ್ರು, ಒಂದೇ ಹಾಡು ಇಬ್ರು ಬೇರೆ ಬೇರೆ ತರ ಹಾಡಿರೋ ಕಡೆ ಎರಡೂ ಪಾಠ ಅಂದ್ರೆ ಎರಡೂ ರೂಪ ಅಕ್ಕಪಕ್ಕ ಬರೋ ಹಾಗೆ ಕಾಲಂ ಮಾಡ್ಕೊಟ್ರು. ಇದನ್ನ ನಾನು ಕೇಳಿರ್ಲಿಲ್ಲ. "ಹೋಲಿಕೆ ಮಾಡೋರ್ಗೆ ಪುಟ ತಿರುವಿಸ್ಬಾರ್ದು ಅಲ್ವಾ" ಅಂತ ಅಷ್ಟೇ ಅಂದ್ರು. ನನಗೆ ಗೈಡ್ ಬಿಟ್ರೆ ಆ ಹಾಡುಗಳನ್ನ ಅಷ್ಟು ಹುಷಾರಾಗಿ ಓದಿದವ್ರು ಇವರೇ.

ಹಿಸ್ಟರಿಯವನೊಬ್ಬ ಫ್ರೆಂಡ್ ಇದಾನೆ, ಶಾಸನದ ಮೇಲೆ ಅವನ ಕೆಲ್ಸ. ಹಳಗನ್ನಡದ ಆಱು, ಏೞು ಈ ಎರಡು ಪದದಲ್ಲಿರೋ ಱ ಮತ್ತೆ ೞ ಅಕ್ಷರ ಎಷ್ಟೋ ಫಾಂಟ್‌ಗಳಲ್ಲಿ ಇರೋದೇ ಇಲ್ಲ, ಪ್ರಿಂಟ್ ತೆಗೆದ್ರೆ ಖಾಲಿ ಡಬ್ಬಿ ಬರುತ್ತೆ, ಅದಕ್ಕೆ ಕೆಲವ್ರು ಸುಮ್ನೆ ಆರು ಏಳು ಅಂತ ಹಾಕ್ಬಿಡ್ತಾರೆ. ಶಾಸನ ಯಾವ ಕಾಲದ್ದು ಅಂತ ಹೇಳೋವಾಗ ೞ ಇದ್ಯಾ ಳ ಆಗಿದ್ಯಾ ಅನ್ನೋದೂ ಒಂದು ಸುಳಿವು, ಅದನ್ನೇ ಅಳಿಸಿದ್ರೆ ಹೆಂಗೆ. ಅವನು ಓದಿ ಬರ್ಕೊಂಡಿರೋ ಶಾಸನ ಪಾಠಗಳಲ್ಲಿ ಚೌಕ ಬ್ರಾಕೆಟ್ ಅಂದ್ರೆ ಕಲ್ಲಲ್ಲಿ ಅಕ್ಷರ ಸವೆದಿದೆ, ಓದು ಅನುಮಾನ ಅಂತ, ದುಂಡು ಬ್ರಾಕೆಟ್ ಅಂದ್ರೆ ಅವನೇ ತಿದ್ದಿ ಕೂಡ್ಸಿದ್ದು ಅಂತ. ಅಣ್ಣ ಅದನ್ನ ಮೊದ್ಲೇ ಕೇಳಿ ತಿಳ್ಕೊಂಡು ಒಂದು ಚೀಟೀಲಿ ಬರ್ದು ಮಾನಿಟರ್‌ಗೆ ಅಂಟಿಸ್ಕೊಂಡ್ರು. ಆ ಚೀಟಿ ಅವನ ಥೀಸಿಸ್ ಮುಗಿಯೋವರೆಗೂ ಅಲ್ಲೇ ಇತ್ತು.

ಸೈನ್ಸ್‌ನವರ ಕಥೆ ಇನ್ನೂ ಚೆನ್ನಾಗಿದೆ, ನನಗಂತೂ ಇದೆಲ್ಲ ಗೊತ್ತಾಗಿದ್ದು ಆ ಬೆಂಚ್ ಮೇಲೆ ಕಾಯ್ತಾ ಕೂತಾಗಲೇ. ನಾವು ಸ್ಕೂಲಲ್ಲಿ ಕಲ್ತಿರೋ ಗ್ರಾಫಲ್ಲಿ ಸೊನ್ನೆ ಎಡಗಡೆ ಕೆಳಗೆ, ಅಲ್ವಾ. ಕೆಮಿಸ್ಟ್ರಿಯವರು ಅಣುಗಳ ರಚನೆ ತಿಳ್ಕೊಳ್ಳೋಕೆ ತೆಗೆಯೋ ಎನ್‌ಎಂಆರ್ ಸ್ಪೆಕ್ಟ್ರಾ ಅನ್ನೋ ಗ್ರಾಫಲ್ಲಿ ಸೊನ್ನೆ ಬಲಗಡೆ ಇರುತ್ತೆ, ನಂಬರು ಎಡಕ್ಕೆ ಹೋಗ್ತಾ ಜಾಸ್ತಿ ಆಗುತ್ತೆ, ಐಆರ್ ಅಂದ್ರೆ ಇನ್‌ಫ್ರಾರೆಡ್ ಗ್ರಾಫಲ್ಲೂ ಎಡಗಡೆ 4000ದಿಂದ ಶುರುವಾಗಿ ಬಲಕ್ಕೆ 400ರ ಕಡೆ ಇಳಿಯುತ್ತೆ. ಸ್ಪೀಚ್ ಅಂಡ್ ಹಿಯರಿಂಗ್‌ನವರ ಆಡಿಯೋಗ್ರಾಂ, ಅಂದ್ರೆ ಕಿವಿ ಎಷ್ಟು ಕೇಳ್ಸುತ್ತೆ ಅಂತ ತೋರಿಸೋ ಗ್ರಾಫ್, ಇನ್ನೂ ವಿಚಿತ್ರ, ಅದ್ರಲ್ಲಿ ಡೆಸಿಬೆಲ್ ಮೇಲಿಂದ ಕೆಳಕ್ಕೆ ಏರುತ್ತೆ, ಕಿವಿ ಎಷ್ಟು ಕಮ್ಮಿ ಕೇಳಿಸುತ್ತೋ ಗೆರೆ ಅಷ್ಟು ಕೆಳಗೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಗೊತ್ತಿಲ್ದೋರು ಗ್ರಾಫ್ ಉಲ್ಟಾ ಇದೆ ಅಂತ ಸರಿ ಮಾಡೋಕೆ ಹೋದ್ರೆ ಕಿವಿ ಕೇಳ್ಸದೇ ಇರೋರಿಗೆ ಕಿವಿ ಕೇಳ್ಸುತ್ತೆ ಅಂತ ಬರ್ದಂಗೆ ಆಗುತ್ತೆ. ದುಡ್ಡು ಉಳ್ಸೋಕೆ ಬ್ಲಾಕ್ ಅಂಡ್ ವೈಟ್ ಸಾಕು ಅಂತ ಬಂದ ಹುಡ್ಗಿಗೆ ಅಣ್ಣ, "ಬೇರೆಲ್ಲ ಪುಟ ಬ್ಲಾಕಲ್ಲೇ ತೆಗಿಯೋಣಮ್ಮ, ಆಡಿಯೋಗ್ರಾಂ ಇರೋ ಪುಟಗಳನ್ನ ಮಾತ್ರ ಕಲರ್ ಮಾಡ್ಸು, ನೋಡೋರ್ಗೆ ಕಿವಿ ಯಾವ್ದು ಅಂತ ಹುಡುಕೋ ಹಾಗಾಗ್ಬಾರ್ದು" ಅಂತ ಪುಟ ನಂಬರ್ ಪಟ್ಟಿ ಮಾಡ್ಕೊಟ್ರು. ಖರ್ಚೂ ಕಮ್ಮಿ ಆಯ್ತು, ಕೆಲ್ಸಾನೂ ಆಯ್ತು.

ಜುವಾಲಜಿ, ಬಾಟನಿಯವ್ರಿಗೆ ಜೀವಿಗಳ ಹೆಸರು ಇಟ್ಯಾಲಿಕ್ಸ್‌ನಲ್ಲಿ ಬರ್ಬೇಕು, ಮೊದಲ್ನೇ ಪದ ದೊಡ್ಡಕ್ಷರದಲ್ಲಿ ಶುರುವಾಗ್ಬೇಕು, ಎರಡ್ನೇದು ಸಣ್ಣಕ್ಷರದಲ್ಲಿ. ಡ್ರೊಸಾಫಿಲಾ ಮೆಲನೊಗ್ಯಾಸ್ಟರ್ ಅನ್ನೋದನ್ನ ಎರಡ್ನೇ ಸಲ ಬರೆಯೋವಾಗ ಡಿ ಚುಕ್ಕಿ ಮೆಲನೊಗ್ಯಾಸ್ಟರ್ ಅಂತ ಚಿಕ್ಕದು ಮಾಡ್ತಾರಲ್ಲ, ಆ ಚುಕ್ಕಿ ನೋಡಿ ವಾಕ್ಯ ಮುಗೀತು ಅಂದ್ಕೊಂಡು ಕಂಪ್ಯೂಟರ್ ಮುಂದಿನ ಅಕ್ಷರ ದೊಡ್ಡದು ಮಾಡ್ಬಿಡುತ್ತೆ. ಇಲ್ಲಿ ಆ ಆಟೋಕರೆಕ್ಟ್ ಮೊದ್ಲೇ ತೆಗೆದಿಟ್ಟಿರ್ತಾರೆ. ಮ್ಯಾಥ್ಸ್‌ನವರು ಈಕ್ವೇಷನ್ ಚೆನ್ನಾಗಿ ಕೂರಿಸೋ ಲೇಟೆಕ್ ಸಾಫ್ಟ್‌ವೇರಲ್ಲಿ ಮಾಡಿ ಪಿಡಿಎಫ್ ತರ್ತಾರೆ, ಅದನ್ನ ಮುಟ್ಟೋದೇ ಇಲ್ಲ, ಪ್ರಿಂಟ್ ಕೊಡೋವಾಗ ಫಿಟ್ ಟು ಪೇಜ್ ತೆಗೆದು ನಿಜವಾದ ಸೈಜಲ್ಲೇ ಕೊಡ್ತಾರೆ ಅಷ್ಟೇ, ಇಲ್ದಿದ್ರೆ ಅಕ್ಷರದ ಸೈಜು, ಬೈಂಡಿಂಗ್‌ಗೆ ಬಿಟ್ಟಿರೋ ಜಾಗದ ಅಳತೆ ಎರಡೂ ಬದ್ಲಾಗುತ್ತೆ.

ಮ್ಯೂಸಿಕ್ ಥೀಸಿಸ್ ಒಂದು ಬಂದಿತ್ತು, ಅದ್ರ ಮೇಲೆ ಅಕ್ಕ ಪಟ್ಟ ಕಷ್ಟ ನೋಡ್ಬೇಕಿತ್ತು. ಸ್ವರಲಿಪೀಲಿ ಅಂದ್ರೆ ಸ್ವರಗಳನ್ನ ಬರೆಯೋ ಕ್ರಮದಲ್ಲಿ, ಮೇಲಿನ ತಾರಸ್ಥಾಯಿಗೆ ಮೇಲೆ ಚುಕ್ಕಿ, ಕೆಳಗಿನ ಮಂದ್ರಕ್ಕೆ ಕೆಳಗೆ ಚುಕ್ಕಿ. ಕನ್ನಡದಲ್ಲಿ ರಿ, ನಿ ಅಂದ್ರೆ ಮೇಲ್ಗಡೆ ಮೊದ್ಲೇ ಗುಡಿಸು ಇರುತ್ತೆ, ಅದ್ರ ಮೇಲೆ ಚುಕ್ಕಿ ಇಟ್ರೆ ಒಂದಕ್ಕೊಂದು ಅಂಟ್ಕೊಂಡು ಮಸಿ ಬಿದ್ದಂಗೆ ಕಾಣುತ್ತೆ. ಅಕ್ಕ ಸಾಲಿನ ಎತ್ತರ ಜಾಸ್ತಿ ಮಾಡಿ, ಆದಿತಾಳದ ನಾಲ್ಕು ಎರಡು ಎರಡು ಲೆಕ್ಕಕ್ಕೆ ಗೆರೆ ಕಾಣದೇ ಇರೋ ಟೇಬಲ್ ಹಾಕಿ, ಒಂದೊಂದು ಸ್ವರ ಒಂದೊಂದು ಮನೇಲಿ ಕೂರಿಸಿದ್ರು. ಸಂಗೀತದ ಮೇಡಂ ಬಂದು ಪುಟದ ಮೇಲೆ ಬೆರಳಿಟ್ಟು ತಾಳ ಹಾಕ್ಕೊಂಡು ಅಲ್ಲೇ ಹಾಡಿ ನೋಡಿದ್ರು, ಎರಡು ಕಡೆ ಚುಕ್ಕಿ ಬಿಟ್ಟೋಗಿತ್ತು, ತಕ್ಷಣ ಸರಿ ಮಾಡಿದ್ರು.

ಸಿಮಿಲಾರಿಟಿ ಚೆಕ್, ಅಂದ್ರೆ ನಿಮ್ ಬರಹ ಬೇರೆಯವ್ರ ಬರಹಕ್ಕೆ ಎಷ್ಟು ಹೋಲುತ್ತೆ ಅಂತ ಸಾಫ್ಟ್‌ವೇರ್ ನೋಡೋದು, ಅದ್ರ ಬಗ್ಗೆ ಜನಕ್ಕೆ ತುಂಬಾ ಭಯ ಇರುತ್ತೆ, ಅದನ್ನ ಬಿಡಿಸಿ ಹೇಳ್ತೀನಿ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2018ರ ನಿಯಮದ ಪ್ರಕಾರ ಶೇಕಡಾ 10ರವರೆಗೆ ಹೋಲಿಕೆಗೆ ದಂಡ ಇಲ್ಲ, 10ರಿಂದ 40 ಆದ್ರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡ್ಬೇಕು, 60 ದಾಟಿದ್ರೆ ರಿಜಿಸ್ಟ್ರೇಷನ್ನೇ ರದ್ದು. ಆಕರ ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ, ಸ್ಟ್ಯಾಂಡರ್ಡ್ ಸಮೀಕರಣಗಳು ಇವ್ಯಾವೂ ಲೆಕ್ಕಕ್ಕೆ ಬರಲ್ಲ. ನಿಯಮ ಎಲ್ರಿಗೂ ಒಂದೇ, ಆದ್ರೆ ಏಟು ಬೀಳೋದು ಒಂದೊಂದು ಸಬ್ಜೆಕ್ಟಿಗೆ ಒಂದೊಂದು ಕಡೆ. ವಚನದ ಮೇಲೆ ಕೆಲ್ಸ ಮಾಡೋರು ಬಸವಣ್ಣನ ವಚನ ಪೂರ್ತಿ ಕೊಡ್ಲೇಬೇಕು, ಬೇರೆ ಮಾತಲ್ಲಿ ಬರೆಯೋಕಾಗುತ್ತಾ. ಲ್ಯಾಬ್‌ನವ್ರಿಗೆ ವಿಧಾನದ ಅಧ್ಯಾಯದಲ್ಲಿ ಇಷ್ಟು ಡಿಗ್ರೀಲಿ ಇಷ್ಟು ಗಂಟೆ ಕಲಕಿ ಸೋಸಿ ಒಣಗಿಸಿದೆ ಅನ್ನೋದನ್ನ ಎಷ್ಟು ತರ ಬರೆಯೋಕಾಗುತ್ತೆ. ಉದ್ಧರಣೆ ಚಿಹ್ನೆ ಸರಿಯಾಗಿ ಹಾಕದೇ ಇದ್ರೆ ಸಾಫ್ಟ್‌ವೇರ್‌ಗೆ ವಚನ ಯಾವ್ದು ನಿಮ್ ಮಾತು ಯಾವ್ದು ಅಂತ ಗೊತ್ತಾಗಲ್ಲ, ಹಂಗಾಗಿ ಇಲ್ಲಿ ಒಂದೊಂದು ಉದ್ಧರಣೆಯ ಶುರು, ಕೊನೆ ಎರಡೂ ಪೆನ್ಸಿಲ್ ಇಟ್ಕೊಂಡು ಚೆಕ್ ಮಾಡ್ತಾರೆ. ಪರ್ಸೆಂಟೇಜ್ ಇಳ್ಸಿಕೊಡ್ತೀರಾ ಅಂತ ಕೇಳಿದ್ರೆ ಮಾಡಲ್ಲ. ಥೀಸಿಸ್ ಬರ್ಕೊಡ್ತೀರಾ ಅಂತ ಕೇಳಿದವ್ರನ್ನಂತೂ ಒಳಗೇ ಕೂರ್ಸಲ್ಲ. ನಾಲ್ಕರ ಮೇಲೆ ಕೊಟ್ಟಿರೋ ಅರ್ಧ ಸ್ಟಾರ್ ಇದಕ್ಕೇ ಅಂತ ಇಟ್ಕೊಳ್ಳಿ.

ಕನ್ನಡದಲ್ಲಿ ಬರೆಯೋರು ಗಮನ ಇಟ್ಟು ಓದಿ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರೆ ಕಣ್ಣಿಗೆ ಕನ್ನಡ ಕಾಣುತ್ತೆ, ಕಂಪ್ಯೂಟರ್ ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಗುಡ್ಡೆ. 2009ರ ಯುಜಿಸಿ ನಿಯಮ ಬಂದ್ಮೇಲೆ ಥೀಸಿಸ್‌ಗಳ ಸಾಫ್ಟ್ ಕಾಪಿ ಶೋಧಗಂಗಾ ಅನ್ನೋ ಆನ್‌ಲೈನ್ ಥೀಸಿಸ್ ಭಂಡಾರಕ್ಕೆ ಹೋಗುತ್ತೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನವರು ನಡ್ಸೋದು, ದೇಶದಲ್ಲಿ ಯಾರು ಬೇಕಾದ್ರೂ ಫ್ರೀಯಾಗಿ ಓದ್ಬೋದು. ಅಲ್ಲಿ ಹಳೇ ಫಾಂಟಿನ ಪಿಡಿಎಫ್ ಇದ್ರೆ ಒಳಗೆ ಸೋಬಾನೆ ಅಂತ ಹುಡ್ಕಿದ್ರೆ ಸಿಗೋದೇ ಇಲ್ಲ. ವರ್ಷಗಟ್ಲೆ ಊರೂರು ಸುತ್ತಿ ಸಂಗ್ರಹಿಸಿದ್ದು ಇದ್ದೂ ಇಲ್ದಂಗೆ, ಅದು ನನಗೆ ನಿಜಕ್ಕೂ ಸಂಕಟ ಕೊಡೋ ವಿಷ್ಯ, ಯಾಕಂದ್ರೆ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಇಂಥವುಗಳಲ್ಲೇ ಕನ್ನಡದಲ್ಲಿ ಬರ್ದಿರೋ ಥೀಸಿಸ್ ಜಾಸ್ತಿ. ಅಣ್ಣ ಎಲ್ಲರಿಗೂ, ಕಂಪ್ಯೂಟರ್‌ಗೂ ಕನ್ನಡ ಅಂತಾನೇ ಗೊತ್ತಾಗೋ ಯೂನಿಕೋಡ್‌ನಲ್ಲೇ ಮಾಡೋಣ ಅಂತ ಹಟ ಹಿಡೀತಾರೆ. ಹಳೇ ಫೈಲ್ ಬದ್ಲಾಯಿಸ್ಕೊಡ್ತಾರೆ, ಕನ್ವರ್ಟರ್‌ಗೆ ಪೂರ್ತಿ ಫೈಲ್ ಹಾಕಿದ್ರೆ ಮಧ್ಯದಲ್ಲಿರೋ ಇಂಗ್ಲಿಷ್ ಪುಸ್ತಕಗಳ ಹೆಸರೂ ಕನ್ನಡದ ಕಲಸುಮೇಲೋಗರ ಆಗುತ್ತೆ ಅಂತ ಗ್ರಂಥಸೂಚಿನ ಬೇರೆ ಮಾಡಿ, ಕನ್ನಡ ಭಾಗ ಮಾತ್ರ ಬದ್ಲಾಯಿಸಿ, ಆಮೇಲೆ ಜೋಡಿಸ್ತಾರೆ. ಪಿಡಿಎಫ್ ಮಾಡೋವಾಗ ಫಾಂಟ್ ಒಳಗೇ ಸೇರಿಸ್ತಾರೆ, ಸ್ಪೀಚ್‌ನವರ ಉಚ್ಚಾರಣೆ ಚಿಹ್ನೆಗಳೂ ಬೇರೆ ಕಂಪ್ಯೂಟರಲ್ಲಿ ಹಂಗೇ ಕಾಣುತ್ವೆ.

ಬೈಂಡಿಂಗ್ ಗಟ್ಟಿ. ದಪ್ಪ ಥೀಸಿಸ್ ಆದ್ರೆ ಹೊಲಿದು ಹಾಕ್ತಾರೆ, ಬರೀ ಅಂಟಲ್ಲಿ ಮುಗಿಸಲ್ಲ. ಜಿಯಾಗ್ರಫಿಯವರ ಎ3 ಮ್ಯಾಪ್‌ಗಳನ್ನ ಮಡಚಿ, ಬೆನ್ನಿನ ಹತ್ರ ಒಂದು ಪಟ್ಟಿ ಕಾಗದ ಕೊಟ್ಟು ಕೂರಿಸ್ತಾರೆ, ಬಿಡಿಸಿದಾಗ ಹರಿಯಲ್ಲ. ರೆಕ್ಸಿನ್ ಮೇಲೆ ಗೋಲ್ಡ್ ಅಕ್ಷರ ಇಂಗ್ಲಿಷಲ್ಲಿ ಸೂಪರ್. ಕನ್ನಡದಲ್ಲಿ ಮಾತ್ರ ಚಿಕ್ಕ ಸೈಜ್ ಆದ್ರೆ ಒತ್ತಕ್ಷರದೊಳಗೆ ಬಣ್ಣ ತುಂಬ್ಕೊಂಡು ಓದೋಕಾಗಲ್ಲ, ಶೀರ್ಷಿಕೆ ಉದ್ದ ಇದ್ರೆ ಬೆನ್ನಿನ ಮೇಲೆ ಹೆಸರು, ವರ್ಷ ಮಾತ್ರ ಹಾಕ್ಸಿ.

ಇನ್ನು ಬೇಜಾರಾಗಿದ್ದು. ಸಬ್‌ಮಿಷನ್ ಡೆಡ್‌ಲೈನ್ ಇರೋ ತಿಂಗಳು ಕಾಲಿಡೋಕೂ ಜಾಗ ಇರಲ್ಲ, ನಾಳೆ ಅಂದಿದ್ದು ನಾಡಿದ್ದು ಆಗುತ್ತೆ, ಫೋನ್ ಎತ್ತಲ್ಲ. ಕಲರ್ ಪ್ರಿಂಟರ್ ಸ್ವಲ್ಪ ಕೆಂಪು ಜಾಸ್ತಿ ಎಳೆಯುತ್ತೆ, ಬಾಟನಿಯವರ ಎಲೆ ಫೋಟೋ, ಕಲೆ ಇತಿಹಾಸದವರ ಚಿತ್ರಗಳಿಗೆ ಇದು ಸಾಲಲ್ಲ, ಅಂಥ ಪುಟಗಳನ್ನ ಫೋಟೋ ಲ್ಯಾಬಲ್ಲಿ ತೆಗ್ಸಿ ಬೈಂಡಿಂಗ್‌ಗೆ ಮಾತ್ರ ಇಲ್ಲಿ ಕೊಡಿ. ಕೆಮಿಸ್ಟ್ರಿ ಸ್ಟ್ರಕ್ಚರ್‌ಗಳನ್ನ ಹೊಸದಾಗಿ ಬರ್ಕೊಡಲ್ಲ, ನೀವೇ ಮಾಡ್ಕೊಂಡು ಹೋಗ್ಬೇಕು. ಗಾಡಿ ನಿಲ್ಸೋಕೆ ಜಾಗ ಇಲ್ಲ. ಮತ್ತೆ ಅಕ್ಕ ರಜ ಹಾಕಿದ ದಿನ ಕನ್ನಡ ಕೆಲ್ಸ ಕೊಡ್ಬೇಡಿ, ಹೆಲ್ಪರ್ ಹುಡ್ಗ ಫಾಸ್ಟ್ ಇದಾನೆ, ಸೊನ್ನೆ ಸುತ್ತಿ ಕೇಳೋ ಅಭ್ಯಾಸ ಅವನಿಗಿನ್ನೂ ಬಂದಿಲ್ಲ.

ರೇಟ್ ಪೇಜ್ ಲೆಕ್ಕ. ಇಂಗ್ಲಿಷ್‌ಗಿಂತ ಕನ್ನಡಕ್ಕೆ ಜಾಸ್ತಿ, ಈಕ್ವೇಷನ್, ಸ್ವರಲಿಪಿ, ಶಾಸನ ಪಾಠ ಇರೋ ಪೇಜ್‌ಗೆ ಇನ್ನೂ ಜಾಸ್ತಿ, ಮೊದ್ಲೇ ಒಂದೊಂದು ಸ್ಯಾಂಪಲ್ ಪೇಜ್ ತೋರಿಸಿ ಮಾತಾಡ್ಕೊಳ್ಳಿ, ಕೊನೇಲಿ ಬದ್ಲಾಯಿಸಲ್ಲ. ಊರಲ್ಲಿ ಇದಕ್ಕಿಂತ ಅಗ್ಗಕ್ಕೆ ಮಾಡೋರಿದಾರೆ, ನಿಮ್ದು ಬರೀ ಸಾದಾ ಟೆಕ್ಸ್ಟ್ ಇದ್ರೆ ಅಲ್ಲೇ ಮಾಡ್ಸಿ, ಇಲ್ಲಿವರೆಗೂ ಬರೋ ಅಗತ್ಯ ಇಲ್ಲ.

ಹೋಗೋವಾಗ ನಿಮ್ ಡಿಪಾರ್ಟ್‌ಮೆಂಟಲ್ಲಿ ಈಚೆಗೆ ಪಾಸಾಗಿರೋ ಒಂದು ಥೀಸಿಸ್ಸಿನ ನಾಲ್ಕೈದು ಪುಟ ಫೋಟೋ ತೆಗೊಂಡೋಗಿ, ಅಡಿಟಿಪ್ಪಣಿ ಪುಟದ ಕೆಳಗಾ ಅಧ್ಯಾಯದ ಕೊನೇಲಾ, ಆಕರ ಕೊಡೋದು ಎಪಿಎ ತರಾನಾ ಬೇರೆದಾ ಅಂತ ಗೈಡ್ ಹತ್ರ ಕೇಳ್ಕೊಂಡೇ ಹೋಗಿ. ನಿಮ್ ಬರವಣಿಗೇಲಿ ಬೇಕು ಅಂತಾನೇ ಬೇರೆ ತರ ಬರ್ದಿರೋ ಪದ, ಚಿಹ್ನೆ, ಉಲ್ಟಾ ಗ್ರಾಫ್ ಏನಿದ್ರೂ ಒಂದು ಹಾಳೇಲಿ ಪಟ್ಟಿ ಮಾಡಿ ಕೊಡಿ. ಮಧ್ಯಾಹ್ನ ಊಟಕ್ಕೆ ಮುಚ್ಚಿರುತ್ತೆ, ಭಾನುವಾರ ರಜ, ಸಂಜೆ ಐದರ ಮೇಲೆ ಹೋದ್ರೆ ಅಕ್ಕ ಸಿಗ್ತಾರೆ.